ಬಿಸಿಲ ನಾಡಿನಲ್ಲಿ ಲಾಗರ್: ಒಂದೇ ವಿದ್ಯುತ್ ಪಾತ್ರೆಯಲ್ಲಿ 21 ಲೀಟರ್

ಲಾಗರ್ ಬಿಯರ್ ಕುದಿಸಲು ಒಂದು ದಿನ ಸಾಕು, ತಂಪಾಗಿ ಕಾಯಲು ಎರಡು ತಿಂಗಳು ಬೇಕು. ‘ಲಾಗರ್ನ್’ ಎಂಬ ಜರ್ಮನ್ ಮಾತಿನ ಅರ್ಥವೇ ಕೂಡಿಡುವುದು. ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ವಿಜಯಪುರ, ಬಾಗಲಕೋಟೆಗಳಲ್ಲಿ ಈ ಬಿಯರ್ ಕೆಡುವುದು ಹೆಚ್ಚಾಗಿ ಕುದಿಸುವಾಗ ಅಲ್ಲ, ಆಮೇಲೆ. ಹಾಗಾಗಿ ಪಾತ್ರೆ ಸಾಧಾರಣದ್ದಿದ್ದರೂ ನಡೆದೀತು. ಫ್ರಿಜ್ ಮತ್ತು ಅದರ ಕಂಟ್ರೋಲರ್ ಮಾತ್ರ ನೆಟ್ಟಗಿರಬೇಕು.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇವೆ. ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ, ಮನೆಯವರಷ್ಟೇ ಕುಡಿಯಲು ಮಾಡಿದರೂ ಅಷ್ಟೆ. ಪರವಾನಗಿ ಇರುವ ಕಡೆ ಸಣ್ಣ ಪ್ರಯೋಗದ ಬ್ಯಾಚ್ ಮಾಡುವವರಿಗೆ, ಮನೆಯಲ್ಲಿ ಮಾಡಲು ಅನುಮತಿ ಇರುವ ದೇಶಗಳಲ್ಲಿ ನೆಲೆಸಿದ ನಮ್ಮ ಭಾಗದವರಿಗೆ ಈ ಬರಹ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಉಳಿದವರು ಯೀಸ್ಟ್ ಹಾಕುವ ಹಂತಕ್ಕೆ ಮೊದಲೇ ನಿಲ್ಲಿಸಿ. ಕಹಿ ಕೊಡುವ ಹಾಪ್ಸ್ ಹೂವನ್ನು ಅರ್ಧಕ್ಕಿಂತ ಕಡಿಮೆ ಮಾಡಿ ಕುದಿಸಿ ತಣಿಸಿದ ಆ ಸಿಹಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸವನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಕುಡಿದು ಮುಗಿಸಬಹುದು. ಸೋಡಾ ಬೆರೆಸಿದರೆ ಇನ್ನೂ ರುಚಿ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಹೊರಗಿಟ್ಟರೆ ಮಾತ್ರ ತಾನೇ ಹುದುಗಿ ಬಾಟಲಿ ಒಡೆದೀತು.

ಪಾತ್ರೆ ಮತ್ತು ಕರೆಂಟು

ಬೇಕಾದುದು 35 ಲೀಟರಿನ ಸ್ಟೀಲ್ ಪಾತ್ರೆ. ತಳದಲ್ಲಿ 2500ರಿಂದ 3000 ವಾಟ್ ಹೀಟರ್, ಒಳಗೆ ಎತ್ತಿ ತೆಗೆಯಬಹುದಾದ ಜಾಲರಿ ತಳದ ಬುಟ್ಟಿ, ಕೆಳಗಿನ ರಸವನ್ನು ಮತ್ತೆ ಮೇಲಕ್ಕೆ ಹರಿಸುವ ಪಂಪು, ಉಷ್ಣತೆ ಹಿಡಿದಿಡುವ ಕಂಟ್ರೋಲರ್. ನೆನೆಸುವುದು, ಸೋಸುವುದು, ಕುದಿಸುವುದು, ತಣಿಸುವುದು ಎಲ್ಲವೂ ಇದರಲ್ಲೇ.

3000 ವಾಟ್ ಅಂದರೆ 230 ವೋಲ್ಟಿನಲ್ಲಿ 13 ಆಂಪಿಯರ್. ಇದಕ್ಕೆ 16 ಆಂಪಿಯರಿನ ಪವರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಸರಿಯಾದ ಅರ್ಥಿಂಗ್, ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ನೀರು ಚೆಲ್ಲುವ ಕೆಲಸವಿದು, ಇಲ್ಲಿ ರಾಜಿ ಬೇಡ. ಎಕ್ಸ್‌ಟೆನ್ಶನ್ ಬೋರ್ಡ್ ಕರಗುತ್ತದೆ.

ಹಳ್ಳಿಯ ಕಡೆ ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ 3000 ವಾಟಿನ ಹೀಟರ್ ಸುಮಾರು 2050 ವಾಟ್ ಮಾತ್ರ ಕೊಡುತ್ತದೆ. ವೋಲ್ಟೇಜ್ ಶೇ 17 ಇಳಿದರೆ ಕಾವು ಶೇ 32 ಇಳಿಯುತ್ತದೆ. ಅಂಥ ಕಡೆ ಕುದಿ ಮಂದವಾಗುತ್ತದೆ, ಆ ಮಂದ ಕುದಿಯಿಂದಲೇ ಬಿಯರಿಗೆ ಬೇಯಿಸಿದ ಗೋವಿನಜೋಳದ ವಾಸನೆ ಬರುತ್ತದೆ. ಬೆಳಗಿನ ಜಾವ ಶುರು ಮಾಡಿ.

ನೀರು

ತೆಳುಬಣ್ಣದ ಲಾಗರಿಗೆ ಮೆದು ನೀರು ಬೇಕು. ವಿಜಯಪುರ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಮ್ಯಾಶಿನ (ಬಿಸಿನೀರಿನಲ್ಲಿ ನೆನೆಸಿದ ಮಾಲ್ಟಿನ) ಪಿಎಚ್ ಮೇಲೇರಿ ನಾಲಿಗೆಗೆ ಒಗರು ಹತ್ತುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತನ್ನಿ. ಆರ್‌ಒ ನೀರು ಇದಕ್ಕೆ ಹೇಳಿ ಮಾಡಿಸಿದ್ದು. 30 ಲೀಟರಿಗೆ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 2 ಗ್ರಾಂ ಜಿಪ್ಸಂ ಬೆರೆಸಿದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 50 ಮಿಲಿಗ್ರಾಂ ಆಗುತ್ತದೆ, ಅಷ್ಟು ಸಾಕು. ಎರಡೂ ಆಹಾರ ದರ್ಜೆಯದೇ ಇರಲಿ.

ಬೆಳಗಾವಿ ನಗರದವರು ರಾಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ಬರುವ ನಲ್ಲಿ ನೀರನ್ನೇ ಬಳಸುವುದಾದರೆ ಮೊದಲು ಕ್ಲೋರಿನ್ ತೆಗೆಯಬೇಕು. 30 ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಕಲಕಿದರೆ ಮುಗಿಯಿತು. ಬಿಟ್ಟರೆ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ, ಆಮೇಲೆ ಯಾವ ಉಪಾಯವೂ ಇಲ್ಲ.

ಕಾಳು

ಪಿಲ್ಸ್ನರ್ ಮಾಲ್ಟ್ 4 ಕಿಲೋ, ಬಿಳಿಜೋಳದ ನುಚ್ಚು ಅರ್ಧ ಕಿಲೋ. ಜೋಳ ಬೇಡವೆಂದರೆ ಮಾಲ್ಟನ್ನೇ 4.5 ಕಿಲೋ ಮಾಡಿ. ಆದರೆ ಮಾಲ್ದಂಡಿ ಜೋಳ ಬೆಳೆಯುವ ನಾಡಿನಲ್ಲಿದ್ದು ಅಕ್ಕಿ ಅವಲಿಗೆ ಕೈ ಹಾಕುವುದು ಸರಿಯಲ್ಲ ಅನ್ನುವುದು ನಮ್ಮ ಪಕ್ಷಪಾತ. ಜೋಳದ ಪಾಲು ಬಿಯರನ್ನು ಹಗುರ ಮಾಡುತ್ತದೆ, ಬಾಯಲ್ಲಿ ಒಣ ಮುಗಿತಾಯ ಕೊಡುತ್ತದೆ.

ಜೋಳವನ್ನು ಹಾಗೇ ಸುರಿದರೆ ದಂಡ. ಅದರ ಪಿಷ್ಟ ಅರಳುವುದು 68ರಿಂದ 78 ಡಿಗ್ರಿಯಲ್ಲಿ, ಮ್ಯಾಶ್ ಇರುವುದು 65ರಲ್ಲಿ. ಆದ್ದರಿಂದ 3 ಲೀಟರ್ ನೀರಿನಲ್ಲಿ ನುಚ್ಚನ್ನು ಬೇರೆ ಪಾತ್ರೆಯಲ್ಲಿ ಅರ್ಧ ತಾಸು ತಿರುವುತ್ತ ಬೇಯಿಸಿ, ಅಂಬಲಿಯಷ್ಟು ತೆಳ್ಳಗಿರಲಿ. ಹಿಟ್ಟು ಬಳಸಬೇಡಿ, ಜೋಳಕ್ಕೆ ಹೊಟ್ಟಿಲ್ಲ, ಹಿಟ್ಟು ಜಾಲರಿ ಕಟ್ಟಿಬಿಡುತ್ತದೆ. ಮಾಲ್ಟನ್ನೂ ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಬಾರದು. ರೋಲರ್ ಮಿಲ್ಲಿನ ಸಂದು 1.1ರಿಂದ 1.2 ಮಿಲಿಮೀಟರ್ ಇರಲಿ. ಕಾಳು ಎರಡು ಮೂರು ಹೋಳಾಗಬೇಕು, ಸಿಪ್ಪೆ ಇಡಿಯಾಗಿ ಉಳಿಯಬೇಕು, ಏಕೆಂದರೆ ಆ ಸಿಪ್ಪೆಯೇ ನಿಮ್ಮ ಸೋಸುಬಟ್ಟೆ.

ಮ್ಯಾಶ್

ಪಾತ್ರೆಯಲ್ಲಿ 16 ಲೀಟರ್ ನೀರನ್ನು 63 ಡಿಗ್ರಿಗೆ ಕಾಯಿಸಿ, ಮಾಲ್ಟನ್ನು ಬೊಗಸೆ ಬೊಗಸೆಯಾಗಿ ಹಾಕುತ್ತ ಗಂಟಿಲ್ಲದಂತೆ ಕಲಸಿ. 60ಕ್ಕೆ ನಿಲ್ಲುತ್ತದೆ. ಈಗ ಕುದಿಯುವ ಅಂಬಲಿ ಸುರಿದರೆ ತಾನಾಗಿ 64–65ಕ್ಕೆ ಬರುತ್ತದೆ. ಬರೀ ಮಾಲ್ಟ್ ಆದರೆ 19 ಲೀಟರ್ ನೀರು, 68 ಡಿಗ್ರಿ.

ಹತ್ತು ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಪಂಪು ಹಾಕಿ. ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕೆಡಿಸಿಕೊಳ್ಳುತ್ತಾರೆ. ಪಂಪು ಪೂರ್ತಿ ಬಿಟ್ಟರೆ ರಸ ಕಾಳಿನ ಮೂಲಕ ಇಳಿಯುವುದಕ್ಕಿಂತ ವೇಗವಾಗಿ ಮೇಲೆ ಬಂದು ಬೀಳುತ್ತದೆ, ಕಾಳು ಒತ್ತಿ ಗಟ್ಟಿಯಾಗುತ್ತದೆ, ಬುಟ್ಟಿಯ ಕೆಳಗೆ ರಸ ಖಾಲಿಯಾಗಿ ತಳ ಹೊತ್ತುತ್ತದೆ. ಆಗ ತಳದ ಸುರಕ್ಷಾ ಸ್ವಿಚ್ ಹಾರಿ ಹೀಟರ್ ನಿಲ್ಲುತ್ತದೆ. ಅದನ್ನು ಒತ್ತಿ ಮತ್ತೆ ಚಾಲೂ ಮಾಡುವ ಮೊದಲು ಪಂಪು ನಿಲ್ಲಿಸಿ, ಕಾಳು ಕಲಕಿ, ಉದ್ದ ಹಿಡಿಕೆಯ ಸೌಟಿನಿಂದ ತಳ ಕೆರೆದು ನೋಡಿ. ಹೊತ್ತಿದ ಪದರ ಹಾಗೇ ಉಳಿದರೆ ಸ್ವಿಚ್ ಮತ್ತೆ ಮತ್ತೆ ಹಾರುತ್ತದೆ, ಕರಕು ರುಚಿ ಇಡೀ ಬಿಯರಿಗೆ ಹಿಡಿಯುತ್ತದೆ. ಪಂಪಿನ ಕವಾಟ ಅರ್ಧಕ್ಕಿಂತ ಕಡಿಮೆ ತೆರೆದಿಟ್ಟು, ಕಾಳಿನ ಮೇಲೆ ಒಂದೆರಡು ಬೆರಳು ರಸ ನಿಲ್ಲುವಷ್ಟು ಹರಿಯಲು ಬಿಡುವುದೇ ಸರಿ.

15 ನಿಮಿಷದ ಹೊತ್ತಿಗೆ ಚಮಚೆಯಷ್ಟು ರಸ ತಣಿಸಿ ಪಿಎಚ್ ನೋಡಿ. 5.3–5.4 ಇರಬೇಕು. ಹೆಚ್ಚಿದ್ದರೆ ಶೇ 88ರ ಲ್ಯಾಕ್ಟಿಕ್ ಆಮ್ಲ 3 ಮಿಲಿಲೀಟರ್ ಹಾಕಿ ಮತ್ತೆ ಅಳೆದು, ಬೇಕಾದರೆ ಇನ್ನೊಂದು ಮಿಲಿಲೀಟರ್.

64–65ರಲ್ಲಿ 60 ನಿಮಿಷ, 72ರಲ್ಲಿ 15, 77ರಲ್ಲಿ 10. ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಮುಚ್ಚಳ ಹಾಕಿ ಕಂಬಳಿ ಹೊದಿಸಿ. ಅರ್ಧ ತಾಸು ಚೆನ್ನಾಗಿಯೇ ತಡೆಯುತ್ತದೆ. ಮನೆಯ ಇನ್ವರ್ಟರಿಗೆ ಈ ಹೀಟರನ್ನು ಎಂದೂ ಜೋಡಿಸಬೇಡಿ.

ಬುಟ್ಟಿ ಎತ್ತಿ ಕೊಕ್ಕೆಗೆ ಕೂರಿಸಿ, 77 ಡಿಗ್ರಿಯ 10 ಲೀಟರ್ ನೀರನ್ನು ಚರಿಗೆಯಿಂದ ನಿಧಾನವಾಗಿ ಮೇಲೆ ಹಾಕಿ. ಬುಟ್ಟಿ ಹಿಂಡಬೇಡಿ, ಒಗರು ಇಳಿಯುತ್ತದೆ. ಪಾತ್ರೆಯಲ್ಲಿ 26 ಲೀಟರ್ ಸಿಗುತ್ತದೆ. ಬುಟ್ಟಿಯಲ್ಲಿ ಉಳಿದ ಕಾಳನ್ನು ಅದೇ ದಿನ ಎಮ್ಮೆಗೆ ಹಾಕಿ. ಮರುದಿನಕ್ಕೆ ಹುಳಿ ಹಿಡಿಯುತ್ತದೆ.

ಕುದಿ

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕಂಟ್ರೋಲರಿನಲ್ಲಿ 100 ಇಟ್ಟು ಅದು ಯಾವಾಗ ತೋರಿಸುತ್ತದೆಂದು ಕಾಯುತ್ತ ಕೂರಬೇಡಿ. ಗುಳ್ಳೆ ಉಕ್ಕಿ ಮಗುಚುತ್ತಿದ್ದರೆ ಅದೇ ಕುದಿ. ಗೋವಿನಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಆವಿಯಲ್ಲಿ ಹೋಗಬೇಕು, ಆದ್ದರಿಂದ ಮುಚ್ಚಳ ತೆಗೆದೇ 75 ನಿಮಿಷ ಕುದಿಸಿ. ಮೊದಲ ನೊರೆ ಉಕ್ಕುವಾಗ ಪಕ್ಕದಲ್ಲೇ ಇರಿ.

ಕೊನೆಯ 60 ನಿಮಿಷ ಉಳಿದಾಗ ಕಹಿಯ ಮೂಲವಾದ ಆಲ್ಫಾ ಆಮ್ಲ ಶೇ 12 ಇರುವ ಮ್ಯಾಗ್ನಮ್ ಹಾಪ್ಸ್ 15 ಗ್ರಾಂ, 10 ನಿಮಿಷ ಉಳಿದಾಗ ಸಾಜ್ ಹಾಪ್ಸ್ 20 ಗ್ರಾಂ. ಕಹಿ 22 ಐಬಿಯು (ಬಿಯರಿನ ಕಹಿಯ ಅಳತೆಮಾನ) ಹತ್ತಿರ ಬರುತ್ತದೆ.

ತಣಿಸುವುದು

ತಾಮ್ರದ ಅಥವಾ ಸ್ಟೀಲಿನ ಸುರುಳಿ ಕೊಳವೆಯನ್ನು ಕುದಿಯ ಕೊನೆಯ 15 ನಿಮಿಷ ಪಾತ್ರೆಯೊಳಗೇ ಇಡಿ, ಅದೇ ಶುದ್ಧವಾಗುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ನೀರೇ 32 ಡಿಗ್ರಿ ಇರುವಾಗ ನಲ್ಲಿ ನೀರಿನಿಂದ 36ರ ಕೆಳಗೆ ಇಳಿಸಲಾಗದು. ಅಲ್ಲಿಂದ ಮುಂದೆ ಏರ್ ಕೂಲರಿನ ಪುಟ್ಟ ಪಂಪು ಕೆಲಸಕ್ಕೆ ಬರುತ್ತದೆ. ಟಬ್ಬಿನಲ್ಲಿ 10–12 ಕಿಲೋ ಮಂಜುಗಡ್ಡೆ ಮತ್ತು ನೀರು ಹಾಕಿ, ಪಂಪನ್ನು ಅದರಲ್ಲಿ ಮುಳುಗಿಸಿ, ಆ ತಣ್ಣೀರನ್ನೇ ಸುರುಳಿಯಲ್ಲಿ ಸುತ್ತಿಸಿ. ಮಂಜುಗಡ್ಡೆಯನ್ನು ನೇರವಾಗಿ ರಸಕ್ಕೆ ಹಾಕಬಾರದು, ಅದರಲ್ಲಿ ಯಾವ ಸೂಕ್ಷ್ಮಜೀವಿ ಇದೆಯೋ ಯಾರಿಗೆ ಗೊತ್ತು. 20ರ ಹತ್ತಿರ ಬಂದರೆ ಸಾಕು. ಸ್ಯಾನಿಟೈಸರ್ ಹಾಕಿದ ಹುದುಗು ಡಬ್ಬಿಗೆ 21 ಲೀಟರ್ ಇಳಿಸಿ, ತಳದ ಗಷ್ಟನ್ನು ಬಿಟ್ಟು. ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿ 12ಕ್ಕೆ ಇಳಿಯಲಿ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.048 ಬರಬೇಕು.

ಹುದುಗು ಮತ್ತು ಚಳಿ

ಬೆಳಿಗ್ಗೆ 12 ಡಿಗ್ರಿಗೆ ಬಂದಮೇಲೆ ಡಬ್ಬಿಯನ್ನು ಐದು ನಿಮಿಷ ಜೋರಾಗಿ ಅಲ್ಲಾಡಿಸಿ, ಡಬ್ಲ್ಯೂ-34/70 ಒಣ ಯೀಸ್ಟ್ ಎರಡು ಪೊಟ್ಟಣ, ಅಂದರೆ 23 ಗ್ರಾಂ ಹಾಕಿ. ಒಂದೇ ಪೊಟ್ಟಣದಲ್ಲಿ ಉಳಿಸಲು ಹೋಗಬೇಡಿ. ಚಳಿಯಲ್ಲಿ ಯೀಸ್ಟ್ ನಿಧಾನ, ಕಡಿಮೆ ಬಿದ್ದರೆ ನಾಲ್ಕು ದಿನ ಮಿಸುಕದೆ ಕೂರುತ್ತದೆ, ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೇರೂರುತ್ತವೆ.

ಹಳೆಯ ಸಿಂಗಲ್ ಡೋರ್ ಫ್ರಿಜ್ ಸಾಕು, ಆದರೆ ಡಬ್ಬಿಯ ಅಳತೆ ಮೊದಲೇ ತೆಗೆದುಕೊಳ್ಳಿ. ಮೇಲಿನ ಫ್ರೀಜರ್ ಗೂಡನ್ನು ಕತ್ತರಿಸಲು, ಬಗ್ಗಿಸಲು ಹೋಗಬೇಡಿ, ಗ್ಯಾಸ್ ಹರಿಯುವುದು ಅದರೊಳಗೇ. ಫ್ರಿಜ್‌ನ ಸ್ವಂತ ಗುಂಡಿಯನ್ನು ಅತಿ ತಂಪಿಗೆ ಇಟ್ಟು, ಎಸ್‌ಟಿಸಿ-1000ರಂಥ ಕಂಟ್ರೋಲರ್ ಮೂಲಕ ಕರೆಂಟು ಕೊಡಿ. ಇಟ್ಟ ಉಷ್ಣತೆಗೂ ಕಂಪ್ರೆಸರ್ ಶುರುವಾಗುವ ಉಷ್ಣತೆಗೂ ವ್ಯತ್ಯಾಸ 0.5 ಡಿಗ್ರಿ, ಕಂಪ್ರೆಸರ್ ಮತ್ತೆ ಶುರುವಾಗುವ ಮುನ್ನ ಕನಿಷ್ಠ 3 ನಿಮಿಷದ ತಡೆ, ಜೊತೆಗೊಂದು ಸ್ಟೆಬಿಲೈಸರ್. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಡದೆ ಡಬ್ಬಿಯ ಮೈಗೆ ಅಂಟಿಸಿ ಮೇಲೆ ಥರ್ಮಾಕೋಲ್ ತುಂಡು ಕಟ್ಟಿ. ಹುದುಗುವಾಗ ಬಿಯರ್ ತಾನೇ ಬಿಸಿಯಾಗುತ್ತದೆ. ಗಾಳಿ 12 ತೋರಿಸುವಾಗ ಒಳಗೆ 15 ಇರಬಹುದು.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ 21 ಲೀಟರಿನ ತಂಪು ಬೇಗ ಬಿಟ್ಟುಕೊಡುವುದಿಲ್ಲ. ದೀರ್ಘ ಹೊತ್ತು ಹೋಗುತ್ತದೆಂದು ಗೊತ್ತಿದ್ದರೆ, ಹೆಪ್ಪುಗಟ್ಟಿದ ಎರಡು ನೀರಿನ ಬಾಟಲಿಗಳನ್ನು ಮೊದಲೇ ಪಕ್ಕದಲ್ಲಿಡಿ.

ಆರೇಳು ದಿನಕ್ಕೆ ಗ್ರಾವಿಟಿ (ಹೈಡ್ರೋಮೀಟರಿನ ಅಂಕಿ) 1.020ಕ್ಕೆ ಬಂದಾಗ ಉಷ್ಣತೆಯನ್ನು 17ಕ್ಕೆ ಏರಿಸಿ ಮೂರು ದಿನ ಬಿಡಿ. ಬೆಣ್ಣೆ ವಾಸನೆಯ ಡೈಅಸಿಟೈಲನ್ನು ಯೀಸ್ಟ್ ಆಗಲೇ ತಿಂದು ಮುಗಿಸುವುದು. ಎರಡು ದಿನದ ಅಂತರದಲ್ಲಿ ಅಳೆದಾಗ ಎರಡೂ ಸಲ 1.010ರ ಆಸುಪಾಸಿನಲ್ಲೇ ನಿಂತರೆ ಹುದುಗು ಮುಗಿದಿದೆ, ಮದ್ಯಾಂಶ ಸುಮಾರು ಶೇ 5. ಇನ್ನು ದಿನಕ್ಕೆ 2 ಡಿಗ್ರಿಯಂತೆ 2ಕ್ಕೆ ಇಳಿಸಿ, ನಾಲ್ಕರಿಂದ ಐದು ವಾರ ಮುಟ್ಟದೆ ಇಡಿ. ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಹುದುಗಿನ ಅನಿಲ ಹೊರಬಿಡುವ ನೀರಿನ ಬಿರಡೆಯಾದ ಏರ್‌ಲಾಕಿನ ನೀರನ್ನು ಒಳಗೆಳೆಯುತ್ತದೆ. ಅದಕ್ಕೆ ಮೊದಲೇ ಏರ್‌ಲಾಕ್ ತೆಗೆದು ಗಟ್ಟಿ ಬಿರಡೆ ಹಾಕಿ.

ಬಾಟಲಿ ತುಂಬಲು 20 ಲೀಟರಿಗೆ 125 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ತಣಿಸಿ, ನೊರೆ ಏಳದಂತೆ ಬೆರೆಸಿ. 650 ಮಿಲಿಲೀಟರಿನ ದಪ್ಪ ಕಂದು ಬಿಯರ್ ಬಾಟಲಿ ಮಾತ್ರ ಬಳಸಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ಬಿದ್ದರೆ ಹಾಪ್ಸ್ ಕೆಟ್ಟ ನಾತ ಹೊಡೆಯುತ್ತದೆ. ಎರಡು ವಾರ 18–20 ಡಿಗ್ರಿಯಲ್ಲಿಡಿ. ಬೆಳಗಾವಿಯ ಚಳಿಗಾಲದಲ್ಲಿ ಕತ್ತಲ ಕೋಣೆ ಸಾಕಾದೀತು, ವಿಜಯಪುರದ ಏಪ್ರಿಲಿನಲ್ಲಿ ಮತ್ತೆ ಅದೇ ಫ್ರಿಜ್‌ಗೆ 19 ಇಟ್ಟು ಬಾಟಲಿ ಜೋಡಿಸಬೇಕು. ವಾರಕ್ಕೊಮ್ಮೆ ಒಂದನ್ನು ತೆರೆದು ನೋಡಿ. ಅತಿಯಾಗಿ ಉಕ್ಕಿದರೆ ಉಳಿದವನ್ನೆಲ್ಲ ಆ ಕ್ಷಣವೇ 2 ಡಿಗ್ರಿಗೆ ಇಳಿಸಿ, ದಪ್ಪ ಗೋಣಿಚೀಲ ಹೊದಿಸಿದ ಮೇಲಷ್ಟೇ ಮುಟ್ಟಿ.