ನಳದುರ್ಗ: ಬೋರಿ ಹೊಳೆ ತುಂಬಿದ ಮೇಲೆ ಒಂದು ದಿನ

ನಳದುರ್ಗದ ಕೋಟೆಗೆ ಯಾವಾಗ ಹೋಗಬೇಕು ಎಂದು ಕೇಳಿದವರಿಗೆ ನಾನು ತಿಂಗಳು ಹೇಳುವುದಿಲ್ಲ. ಬೋರಿ ಹೊಳೆ ಬಂದಿದೆಯೇ ವಿಚಾರಿಸಿ ಎನ್ನುತ್ತೇನೆ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮಳೆ ಜೋರು ಹಿಡಿಯುವುದೇ ತಡವಾಗಿ, ಗಣಪತಿ ಹಬ್ಬದ ಆಸುಪಾಸಿನಲ್ಲಿ. ಕೋಟೆಯ ಒಡ್ಡಿನ ಮೇಲೆ ನೀರು ಧುಮುಕುತ್ತಿದೆ ಎಂದು ಆ ಕಡೆಯಿಂದ ಬಂದ ಯಾರಾದರೂ ಹೇಳಿದರೆ ಭಾನುವಾರ ಬಿಟ್ಟು ಮೊದಲು ಸಿಕ್ಕ ದಿನ ಹೊರಡುತ್ತೇನೆ. ಬೇಸಿಗೆಯಲ್ಲಿ ಹೋದರೂ ಗೋಡೆ, ಬುರುಜು, ಫಿರಂಗಿ ತೋಪು ಎಲ್ಲ ಇದ್ದಲ್ಲೇ ಇರುತ್ತವೆ. ಆದರೆ ಈ ಕೋಟೆಯನ್ನು ಕಟ್ಟಿದವರ ಜಾಣ್ಮೆ ನೀರಿಲ್ಲದೆ ಅರ್ಥವಾಗುವುದಿಲ್ಲ.

ದಾರಿ ಸುಲಭ. ಹೈದರಾಬಾದ್ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರಿನ ಒಳಗೆ. ಸೊಲ್ಲಾಪುರದ ನಿಲ್ದಾಣದಿಂದ ಉಮರ್ಗಾ ಕಡೆಗೆ ಹೋಗುವ ಎಸ್.ಟಿ. ಬಸ್ಸು ಹಿಡಿದರೆ ಸಾಕು. ಹುಮನಾಬಾದ್, ಬೀದರ್ ಕಡೆಯ ಬಸ್ಸುಗಳಿಗೂ ಇದೇ ಹಾದಿ. ಊರೊಳಗೆ ಹೋಗುತ್ತದೆಯೋ, ಹೆದ್ದಾರಿಯಲ್ಲೇ ಇಳಿಸುತ್ತದೆಯೋ ಎಂದು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಬೇಕು, ಅಷ್ಟೆ.

ಬುತ್ತಿ ಮಾತ್ರ ಮನೆಯಿಂದಲೇ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ವಡೆ. ಇವು ಹಳಸುವುದಿಲ್ಲ, ಚೆಲ್ಲುವುದಿಲ್ಲ, ಬಿಸಿ ಮಾಡಿ ಎಂದು ಕೇಳುವುದೂ ಇಲ್ಲ. ಕುಡಿಯುವ ನೀರನ್ನು ಬೇಕೆನಿಸಿದ್ದಕ್ಕಿಂತ ಹೆಚ್ಚು ಒಯ್ಯುತ್ತೇನೆ. ಒಳಗೆ ಬಯಲು ದೊಡ್ಡದು, ನೆರಳು ಕಡಿಮೆ.

ಟಿಕೇಟು ಪಡೆದು ಒಳಗೆ ಹೋದ ಜನರೆಲ್ಲ ನೇರ ಪಾಣಿ ಮಹಲಿಗೆ ಓಡುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಬಿಸಿಲೇರುವ ಮೊದಲು ಉಪಲಿ ಬುರುಜು ಹತ್ತುತ್ತೇನೆ. ವಿಜಯಪುರದ ಉಪಲಿ ಬುರುಜು ನೋಡಿದವರಿಗೆ ಇದರ ಹೆಸರೂ ಪರಿಚಿತ, ಮೇಲಿರುವ ಉದ್ದನೆಯ ತೋಪುಗಳೂ ಪರಿಚಿತ. ಎರಡೂ ಆದಿಲಶಾಹಿ ಕಾಲದ ರೂಢಿ. ಮೆಟ್ಟಿಲು ಕಡಿದು, ಮೊಣಕಾಲು ನೋವಿರುವವರು ಕೆಳಗೇ ಕೂರುವುದು ಒಳ್ಳೆಯದು. ಮೇಲೆ ನಿಂತರೆ ಇಡೀ ಕೋಟೆಯ ನಕ್ಷೆ ಕಣ್ಣಿಗೆ ಬೀಳುತ್ತದೆ. ಕಪ್ಪು ಕಲ್ಲಿನ ದಿಬ್ಬವೊಂದು ಬೋರಿಯ ಕಣಿವೆಯೊಳಗೆ ಚಾಚಿಕೊಂಡಿದೆ. ಹೊಳೆ ಅದನ್ನು ಬಳಸಿಕೊಂಡು ಹೋಗುತ್ತದೆ. ಆಚೆ ದಡದಲ್ಲಿ ರಣಮಂಡಲ ಎಂಬ ಇನ್ನೊಂದು ಸಣ್ಣ ಕೋಟೆ. ಆ ಗುಡ್ಡ ಶತ್ರುವಿನ ಕೈಗೆ ಸಿಕ್ಕಿದರೆ ಈಚೆಯ ಕೋಟೆಗೆ ಉಳಿಗಾಲವಿಲ್ಲ ಎಂಬುದು ಅಲ್ಲಿ ನಿಂತರೆ ಯಾರೂ ಹೇಳದೆಯೇ ತಿಳಿಯುತ್ತದೆ. ಅದನ್ನೂ ಇದನ್ನೂ ಜೋಡಿಸುವುದು ಹೊಳೆಗೆ ಅಡ್ಡ ಕಟ್ಟಿದ ಕಲ್ಲಿನ ಒಡ್ಡು. ಹೀಗೆ ಒಡ್ಡೇ ಸೇತುವೆ, ಒಡ್ಡೇ ಕೆರೆಯ ಏರಿ.

ಆ ಒಡ್ಡಿನ ಹೊಟ್ಟೆಯಲ್ಲೇ ಪಾಣಿ ಮಹಲ್ ಇದೆ. ಎರಡನೆಯ ಇಬ್ರಾಹಿಂ ಆದಿಲಶಾಹ 1613ರಲ್ಲಿ ಕಟ್ಟಿಸಿದ್ದು. ಮೇಲಿನಿಂದ ಇಕ್ಕಟ್ಟಾದ ಮೆಟ್ಟಿಲಿಳಿದರೆ ಕಮಾನುಗಳ ಸಣ್ಣ ಕೋಣೆ, ಕಿಟಕಿ. ಹೊಳೆ ತುಂಬಿದಾಗ ಹೆಚ್ಚಾದ ನೀರು ಎರಡು ಕಡೆ ಒಡ್ಡಿನ ಮೇಲಿನಿಂದ ಧುಮುಕುತ್ತದೆ. ನರ, ಮಾದಿ ಎಂದು ಆ ಎರಡು ಧಾರೆಗಳ ಹೆಸರು. ಒಳಗೆ ನಿಂತವರು ಬೀಳುವ ನೀರನ್ನು ಹಿಂದಿನಿಂದ ನೋಡುತ್ತಾರೆ, ಆದರೆ ಮೈ ನೆನೆಯುವುದಿಲ್ಲ. ಸದ್ದಿಗೆ ಮಾತು ಕೇಳಿಸುವುದಿಲ್ಲ. ಅಣ್ಣನ ಮಗ ನನ್ನ ಕಿವಿಗೆ ಬಾಯಿಟ್ಟು, “ಕಾಕಾ, ಇಷ್ಟು ನೀರು ತಳ್ಳುವ ಗೋಡೆಯನ್ನು ಯಾಕೆ ಟೊಳ್ಳು ಮಾಡಿದರು?” ಎಂದು ಕೂಗಿದ. ಒಳ್ಳೆಯ ಪ್ರಶ್ನೆ. ಸೈನಿಕರಿಗೆ ಆ ಕೋಣೆಯಿಂದ ಏನೂ ಲಾಭವಿಲ್ಲ. ಸಂಗೀತದ ಹುಚ್ಚು ಹಿಡಿದಿದ್ದ, ಜನ ಜಗದ್ಗುರು ಬಾದಶಹ ಎಂದು ಕರೆದಿದ್ದ ಅರಸನ ಕಾಲದ ಕೆಲಸ ಅದು. ಅಣೆಕಟ್ಟು ಕಟ್ಟುವಾಗಲೂ ಕುಳಿತು ನೋಡಲು ಒಂದು ಜಾಗ ಬೇಕೆಂದು ಅನ್ನಿಸಿರಬೇಕು ಎಂದಷ್ಟೇ ನನ್ನ ಉತ್ತರ. ಮೆಟ್ಟಿಲು ಪಾಚಿಗಟ್ಟಿರುತ್ತದೆ. ಹಿಡಿತವಿರುವ ಚಪ್ಪಲಿ ಹಾಕಬೇಕು, ಮಕ್ಕಳ ಕೈ ಬಿಡಬಾರದು, ಫೋಟೋಕ್ಕಾಗಿ ಒಡ್ಡಿನ ಅಂಚಿಗೆ ಹೋಗುವವರಿಂದ ದೂರವಿರಬೇಕು.

ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಮಕ್ಕಳಿಗೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನ ಕಥೆ ಹೇಳುತ್ತೇನೆ. ಸುರಪುರದ ಅರಸ ವೆಂಕಟಪ್ಪ ನಾಯಕನ ಬಗ್ಗೆ ಓದಿದ ಕನ್ನಡಿಗರಿಗೆ ಟೇಲರ್ ಗೊತ್ತು. 1853ರ ಒಪ್ಪಂದದಲ್ಲಿ ನಿಜಾಮ ರಾಯಚೂರು ದೋಆಬ್ ಜೊತೆಗೆ ನಳದುರ್ಗ ಸೀಮೆಯನ್ನೂ ಇಂಗ್ಲಿಷರ ಕೈಗೆ ಕೊಟ್ಟಾಗ, ಸುರಪುರ ಬಿಟ್ಟ ಟೇಲರ್ ಇಲ್ಲಿಗೆ ಆಡಳಿತಗಾರನಾಗಿ ಬಂದ. 1860ರಲ್ಲಿ ಸೀಮೆ ಮತ್ತೆ ನಿಜಾಮನಿಗೆ ಹೋಯಿತು. ಸುರಪುರದ ಹೆಸರು ಬಂದರೆ ಮಕ್ಕಳೂ ಕಿವಿಗೊಡುತ್ತಾರೆ. ಬರೀ ಇಸವಿ ಹೇಳಿದರೆ ಚಟ್ನಿಯ ಡಬ್ಬಿಯತ್ತ ಕೈ ಹೋಗುತ್ತದೆ.

ನಮ್ಮ ಅವ್ವನಿಗೆ ಕೋಟೆಗಿಂತ ಊರಿನ ಖಂಡೋಬ ಮುಖ್ಯ. ಅವಳ ಬಾಯಲ್ಲಿ ಆತ ಮೈಲಾರಲಿಂಗ. ದೇವರು ವರ್ಷದಲ್ಲಿ ಕೆಲವು ಕಾಲ ಇಲ್ಲಿ, ಉಳಿದ ಕಾಲ ಪಕ್ಕದ ಅಣದೂರಿನಲ್ಲಿ ಇರುತ್ತಾನೆ. ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಆ ದಿನ ಕೋಟೆ ನೋಡುವ ಆಸೆ ಬಿಡಬೇಕು.

ಸೊಲ್ಲಾಪುರದವರು ಇದರ ಜೊತೆಗೇ ತುಳಜಾಪುರವನ್ನೂ ಮುಗಿಸಿ ಬರೋಣ ಎನ್ನುತ್ತಾರೆ. ನಕ್ಷೆಯಲ್ಲಿ ಹತ್ತಿರವೇ. ಆದರೆ ಅಂಬಾಭವಾನಿಯ ಸರದಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೆಂದು ಯಾರೂ ಮೊದಲೇ ಹೇಳಲಾರರು. ಹಾಗಾಗಿ ಕೋಟೆಯನ್ನು ಅರ್ಧಕ್ಕೆ ಬಿಟ್ಟು ಓಡುತ್ತಾರೆ. ನಾನು ತುಳಜಾಪುರಕ್ಕೆ ಬೇರೆ ದಿನ ಇಟ್ಟುಕೊಂಡಿದ್ದೇನೆ, ಅದೂ ಮಂಗಳವಾರ ಶುಕ್ರವಾರ ಬಿಟ್ಟು.