ಟಾರ್ಚು ಹಿಡಿದವನ ಹೆಸರು

ನಡು ಮಧ್ಯಾಹ್ನ ವೀರಗಲ್ಲಿನ ಫೋಟೊ ತೆಗೆದರೆ ಸವೆದ ಅಕ್ಷರ ಒಂದೂ ಕಾಣುವುದಿಲ್ಲ. ಕತ್ತಲಾದ ಮೇಲೆ ಒಬ್ಬರು ಪಕ್ಕದಲ್ಲಿ ಕೂತು, ಕಲ್ಲಿನ ಮೈಗೆ ಓರೆಯಾಗಿ ಟಾರ್ಚು ಬಿಡಬೇಕು. ಆಗ ಸಣ್ಣ ಗೀಟಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಫೋನು ನನ್ನದು, ಟಾರ್ಚು ಗೆಳೆಯನದು. "ಇನ್ನೂ ಕೆಳಗೆ ಹಿಡಿಯೋ" ಅಂತ ನಾನು, "ಸೊಳ್ಳೆ ತಿಂತಾ ಇದೆ, ಬೇಗ ತೆಗಿ" ಅಂತ ಅವನು.

ಅವನದು ಕೋಲಾರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಕೆಲಸಕ್ಕೆ ಅವನು ಕಾಲಿಡದ ತೋಟ ಇಲ್ಲ. ಯಾವ ಬದುವಿನಲ್ಲಿ ಯಾವ ಕಲ್ಲು ನಿಂತಿದೆ ಅಂತ ಅವನಿಗೇ ಗೊತ್ತು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಹೋದರೆ ಮಾತು ತೆಲುಗಿಗೆ ಹೊರಳುತ್ತದೆ. ಅಲ್ಲೂ ಅವನೇ ಬೇಕು. ನನ್ನ ತೆಲುಗು ಕೇಳಿದರೆ ಅಜ್ಜಿಯರು ನಗುತ್ತಾರೆ.

ನನ್ನ ಕೆಲಸ ಮನೆಗೆ ಬಂದ ಮೇಲೆ. ಬಿ.ಎಲ್. ರೈಸ್ 1905ರಲ್ಲಿ ತಂದ 'ಎಪಿಗ್ರಾಫಿಯಾ ಕರ್ನಾಟಿಕಾ' 10ನೇ ಸಂಪುಟ ತೆರೆದು ಕೂರುತ್ತೇನೆ. ಅದು ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಬಾಗೇಪಲ್ಲಿ, ಗೌರಿಬಿದನೂರಿನ ಕಲ್ಲುಗಳೂ ಅದರಲ್ಲೇ ಇವೆ. ನಾವು ನೋಡಿದ ಕಲ್ಲು ಅಲ್ಲಿ ಸಿಕ್ಕರೆ ಖುಷಿ. ಸಿಗದಿದ್ದರೆ ಇನ್ನೂ ಜಾಸ್ತಿ ಖುಷಿ!

ಒಮ್ಮೆ ಶ್ರೀನಿವಾಸಪುರ ಕಡೆಯ ಮಾವಿನ ತೋಟವೊಂದರಲ್ಲಿ ಚೆಂದದ ಕಲ್ಲು ಸಿಕ್ಕಿತು. ಕೆಳಗೆ ದನಗಳಿಗಾಗಿ ಹೋರಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ತೋಟದ ಅಜ್ಜಿ ಚೀಲದ ತುಂಬ ಹಣ್ಣು ಕೊಟ್ಟು ಕಳಿಸಿದರು. ನಾನು ಆ ರಾತ್ರಿಯೇ ಫೇಸ್‌ಬುಕ್ಕಿಗೆ ಹಾಕಿದೆ. ಊರಿನ ಹೆಸರು, ಮ್ಯಾಪಿನ ಲಿಂಕು, ಕೆಳಗೆ ನನ್ನ ಹೆಸರು. ಲೈಕು ಎಣಿಸುತ್ತಾ ನಿದ್ದೆಗೆಟ್ಟೆ.

ತಿಂಗಳು ಕಳೆಯುವುದರೊಳಗೆ ಯಾರೋ ನಿಧಿ ಆಸೆಗೆ ಕಲ್ಲಿನ ಬುಡ ಅಗೆದಿದ್ದರು. ನನ್ನ ಪೋಸ್ಟು ನೋಡಿಯೇ ಬಂದರೋ ಏನೋ. ಅಜ್ಜಿಗೆ ಮಾತ್ರ ಅನುಮಾನವೇ ಇರಲಿಲ್ಲ. ಮೋಟಾರು ರಿಪೇರಿಗೆ ಹೋದ ಗೆಳೆಯನಿಗೆ "ಅಂತಾ ಮೀ ವಲ್ಲೇ" ಅಂದರಂತೆ. ಎಲ್ಲಾ ನಿಮ್ಮಿಂದಲೇ. ಪೋಸ್ಟಿನಲ್ಲಿ ಹೆಸರು ನನ್ನದು, ಬೈಗುಳ ಅವನಿಗೆ.

ಅವನು ಜಗಳ ಆಡಲಿಲ್ಲ. ಫೋನ್ ಮಾಡಿದರೆ "ಅಂಗಡೀಲಿ ಕೆಲಸ ಇದೆ" ಅನ್ನುತ್ತಿದ್ದ. ಎರಡು ತಿಂಗಳು ಹೀಗೇ. ನಾನೊಬ್ಬನೇ ಹೋಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಫೋಟೊ ತೆಗೆದೆ. ಬೆಳಕೆಲ್ಲ ಎದುರಿನಿಂದ ಬಿದ್ದು ಕಲ್ಲು ಹಪ್ಪಳದ ಹಾಗೆ ಬಂತು.

ಕೊನೆಗೆ ಅಂಗಡಿಗೇ ಹೋಗಿ ಕೂತೆ. ಅವನು ತಂತಿ ಸುತ್ತುತ್ತಲೇ ಇದ್ದ.

"ಅಜ್ಜಿ ಹತ್ರ ಹೋಗೋಣ. ನಾನೇ ಮಾತಾಡ್ತೀನಿ."

"ನಿನ್ನ ತೆಲುಗಲ್ಲಾ?"

ಅಷ್ಟು ಸಾಕಾಯಿತು. ಭಾನುವಾರ ಹೋಗಿ ತೋಟದ ಆಳುಗಳ ಜೊತೆ ವಾಲಿದ ಕಲ್ಲನ್ನು ನೆಟ್ಟಗೆ ಮಾಡಿ ಗುಂಡಿ ಮುಚ್ಚಿದೆವು. ಅಜ್ಜಿ ಈ ಸಲ ಹಣ್ಣು ಕೊಡಲಿಲ್ಲ, ನೀರು ಕೊಟ್ಟರು. ವಾಪಸ್ ಬರುವಾಗ ಮುಳಬಾಗಿಲಿಗೆ ಸುತ್ತು ಹಾಕಿ ದೋಸೆ ತಿಂದೆವು. ದುಡ್ಡು ನಾನೇ ಕೊಟ್ಟೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಈಗ ಮೊದಲು ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡುತ್ತೇನೆ. ಇಲ್ಲದಿದ್ದರೆ ಫೋಟೊದ ಒಳಗೇ ಜಾಗದ ಗುರುತು ಕೂತಿರುತ್ತದೆ. ತೋಟದ ಕಲ್ಲಾದರೆ ತಾಲ್ಲೂಕಿನ ಹೆಸರು ಮಾತ್ರ ಬರೆಯುತ್ತೇವೆ. ತೊಳೆಯಬೇಕಾದರೆ ಮನೆಯವರನ್ನು ಕೇಳಿ, ಬರೀ ನೀರು, ಮೆತ್ತನೆ ಬ್ರಷ್ಷು. ಅಕ್ಷರದ ಮೇಲೆ ಸೀಮೆಸುಣ್ಣ ಗೀಚುವುದಿಲ್ಲ. ಫೋಟೊ ವಿಕಿಮೀಡಿಯ ಕಾಮನ್ಸ್ ಅನ್ನುವ ಆನ್‌ಲೈನ್ ಫೋಟೊ ಭಂಡಾರಕ್ಕೆ ಹೋಗುತ್ತದೆ. ತೆಗೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಬಹುದು. ಅಲ್ಲಿ ಲೈಕು ಇಲ್ಲ. ಸುಳ್ಳೇಕೆ, ಮೊದಮೊದಲು ಸಪ್ಪೆ ಅನ್ನಿಸಿತು.

ಪ್ರತಿ ಫೋಟೊಗೂ ಈಗ ಇಬ್ಬರ ಹೆಸರು. ಮೊದಲ ಸಲ ತೋರಿಸಿದಾಗ "ಟಾರ್ಚು ಹಿಡಿದಿದ್ದಕ್ಕೆಲ್ಲ ಯಾಕೋ" ಅಂದು ಸುಮ್ಮನಾದ. ರಾತ್ರಿ ಹತ್ತಕ್ಕೆ ಮೆಸೇಜು ಬಂತು: "ನನ್ನ ಹೆಸರಲ್ಲಿ ಒತ್ತಕ್ಷರ ತಪ್ಪಾಗಿದೆ. ಸರಿ ಮಾಡು."