ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇಟ್ಟುಕೊಳ್ಳುವುದು ಹೇಗೆ

ಹಳೇ ಪ್ರಾಜೆಕ್ಟಿಗೆ ಪೈಥಾನ್ 3.8 ಬೇಕು, ಹೊಸದಕ್ಕೆ 3.12. ಹಳೇದನ್ನೂ 3.12ರಲ್ಲೇ ಓಡಿಸೋಣ ಅಂದರೆ ಅದರಲ್ಲಿ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಮಾಡ್ಯೂಲನ್ನೇ ಕಿತ್ತುಹಾಕಿದ್ದಾರೆ, ಅದನ್ನು ನಂಬಿಕೊಂಡ ಕೋಡ್ ಮೊದಲ ಸಾಲಿಗೇ ನಿಂತುಬಿಡುತ್ತದೆ. ಎರಡನ್ನೂ ಇಟ್ಟುಕೊಳ್ಳಲೇಬೇಕು.

ಲಿನಕ್ಸ್ ಬಳಸುವವರಾದರೆ, ಸಿಸ್ಟಮ್ ಜೊತೆ ಬಂದ ಪೈಥಾನ್ ತಂಟೆಗೆ ಮಾತ್ರ ಹೋಗಬೇಡಿ. ಉಬುಂಟುವಿನ ಎಷ್ಟೋ ಟೂಲ್‌ಗಳು ಅದನ್ನೇ ನಂಬಿಕೊಂಡಿವೆ. ಅದರ ಹೆಸರಿನ ಲಿಂಕ್ ಬದಲಾಯಿಸಿ ಹೊಸ ವರ್ಷನ್ ಕಡೆ ತಿರುಗಿಸಿದರೆ ಟರ್ಮಿನಲ್ ಕೂಡ ತೆರೆಯದೇ ಹೋಗಬಹುದು. ಅದು ಸಿಸ್ಟಮ್‌ನ ಪೈಥಾನ್, ನಿಮ್ಮದಲ್ಲ.

ನಿಮ್ಮದಕ್ಕೆ ಪೈಎನ್ವ್ (pyenv) ಹಾಕಿಕೊಳ್ಳಿ, ಹಲವು ಪೈಥಾನ್ ವರ್ಷನ್‌ಗಳನ್ನು ಹಾಕಿ, ಬೇಕಾದ್ದಕ್ಕೆ ಬದಲಾಯಿಸಿಕೊಡುವ ಟೂಲ್ ಅದು. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಮೂಲಕ ಸಿಗುತ್ತದೆ, ಲಿನಕ್ಸ್‌ನಲ್ಲಿ ಗಿಟ್‌ಹಬ್‌ನಿಂದ. ಆಮೇಲೆ ಅದು ಹೇಳುವ ಎರಡು ಮೂರು ಸಾಲನ್ನು ಶೆಲ್‌ನ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಸೆಟ್ಟಿಂಗ್ ಫೈಲಿಗೆ ಸೇರಿಸಿ, ಟರ್ಮಿನಲ್ ಮುಚ್ಚಿ ತೆರೆಯಿರಿ. ಇದನ್ನು ಬಿಟ್ಟು 'ಇನ್‌ಸ್ಟಾಲ್ ಆಯ್ತು, ಆದ್ರೆ ವರ್ಷನ್ ಬದಲಾಗ್ತಿಲ್ಲ' ಅನ್ನುವವರೇ ಜಾಸ್ತಿ. ಪೈಎನ್ವ್ ಮಾಡುವುದು ಇಷ್ಟೇ: ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಪಟ್ಟಿಯ ಮೊದಲಿಗೆ ಶಿಮ್ಸ್ ಅನ್ನೋ ತನ್ನ ಫೋಲ್ಡರ್ ಕೂರಿಸುತ್ತದೆ, ನೀವು 'ಪೈಥಾನ್' ಅಂತ ಟೈಪ್ ಮಾಡಿದಾಗ ಆ ಕರೆ ಮೊದಲು ಅದರ ಕೈಗೆ ಸಿಗುತ್ತದೆ, ಯಾವ ವರ್ಷನ್‌ಗೆ ಕಳಿಸಬೇಕು ಅಂತ ನೋಡಿ ಅಲ್ಲಿಗೆ ದಾಟಿಸುತ್ತದೆ. ಆ ಸಾಲುಗಳಿಲ್ಲದಿದ್ದರೆ ಶಿಮ್ಸ್ ಪಟ್ಟಿಗೆ ಸೇರುವುದೇ ಇಲ್ಲ.

ಈಗ 'ಪೈಎನ್ವ್ ಇನ್‌ಸ್ಟಾಲ್ 3.12', ಆಮೇಲೆ 3.8. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಅದು ಪೈಥಾನ್‌ನ ಸೋರ್ಸ್ ಕೋಡ್ ತಂದು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡುತ್ತದೆ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟುತ್ತದೆ. ಅದಕ್ಕೆ ಬೇಕಾದ ಲೈಬ್ರರಿಗಳ ಡೆವ್ ಪ್ಯಾಕೇಜುಗಳನ್ನು (ಕಂಪೈಲ್ ಮಾಡಲು ಬೇಕಾದ ಫೈಲುಗಳಿರುವ ಪ್ಯಾಕೇಜು) ಮೊದಲೇ ಹಾಕಿರಬೇಕು: ಓಪನ್‌ಎಸ್‌ಎಸ್‌ಎಲ್, ಜೆಡ್‌ಲಿಬ್, ಲಿಬ್‌ಎಫ್‌ಎಫ್‌ಐ, ಎಸ್‌ಕ್ಯೂಲೈಟ್, ಬಿಜಿಪ್2, ರೀಡ್‌ಲೈನ್. ಓಪನ್‌ಎಸ್‌ಎಸ್‌ಎಲ್ ಇಲ್ಲದಿದ್ದರೆ ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ, ಅದು ಒಳ್ಳೇದೇ. ಎಸ್‌ಕ್ಯೂಲೈಟ್ ಇಲ್ಲದಿದ್ದರೆ ಸುಮ್ನೆ ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ, ಇನ್‌ಸ್ಟಾಲ್ ಮುಗಿದಂತೆ ಕಾಣುತ್ತದೆ, ಎಷ್ಟೋ ದಿನದ ಮೇಲೆ ಯಾವುದೋ ಇಂಪೋರ್ಟ್ ಕೈಕೊಟ್ಟಾಗಲೇ ಗೊತ್ತಾಗುವುದು. ಆಗ ಲೈಬ್ರರಿ ಹಾಕಿದರಷ್ಟೇ ಸಾಲದು, ಆ ವರ್ಷನ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಬೇಕು. ಅದಕ್ಕೇ ವಾರ್ನಿಂಗ್ ಓದಿ.

ಎಲ್ಲೆಡೆ ಬಳಸುವ ವರ್ಷನ್‌ಗೆ 'ಪೈಎನ್ವ್ ಗ್ಲೋಬಲ್ 3.12'. ಹಳೇ ಪ್ರಾಜೆಕ್ಟಿನ ಫೋಲ್ಡರ್ ಒಳಗೆ ಹೋಗಿ 'ಪೈಎನ್ವ್ ಲೋಕಲ್ 3.8'. ಎರಡನೆಯದು ಆ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಒಂದು ಪುಟ್ಟ ಫೈಲ್ ಮಾಡಿ ವರ್ಷನ್ ನಂಬರ್ ಬರೆದಿಡುತ್ತದೆ. ಒಳಗಿನ ಫೋಲ್ಡರ್‌ಗಳಿಗೂ ಅದೇ ಅನ್ವಯ. ಇದೇ ಒಮ್ಮೊಮ್ಮೆ ಕಾಡುತ್ತದೆ: ಹೋಮ್ ಫೋಲ್ಡರಿನಲ್ಲಿ ಮರೆತು 'ಲೋಕಲ್' ಕೊಟ್ಟಿದ್ದರೆ ಗ್ಲೋಬಲ್ ಎಷ್ಟು ಸಲ ಬದಲಿಸಿದರೂ ಅಲ್ಲಿ ಏನೂ ಆಗುವುದಿಲ್ಲ. ಅನುಮಾನ ಬಂದರೆ 'ಪೈಎನ್ವ್ ವರ್ಷನ್' ಅಂತ ಕೊಡಿ, ಯಾವ ವರ್ಷನ್, ಯಾವ ಫೈಲಿನಿಂದ ಬಂತು, ಎರಡನ್ನೂ ಹೇಳುತ್ತದೆ.

ವರ್ಷನ್ ಬೇರೆ ಮಾಡಿದ ಮಾತ್ರಕ್ಕೆ ಪ್ಯಾಕೇಜುಗಳು ಬೇರೆ ಆಗಲ್ಲ, ಅಲ್ವಾ? ಒಂದೇ 3.12ರ ಮೇಲೆ ಎರಡು ಪ್ರಾಜೆಕ್ಟ್ ಇದ್ದರೆ ಅವು ಕಿತ್ತಾಡುತ್ತವೆ. ಹಾಗಾಗಿ ಪ್ರತಿ ಪ್ರಾಜೆಕ್ಟಿಗೂ ಒಂದೊಂದು ವೆನ್ವ್ (venv), ಅಂದರೆ ಅದರ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರ್, ಮಾಡಿ. ಪ್ಯಾಕೇಜ್ ಹಾಕುವಾಗ ಬರೀ 'ಪಿಪ್' (ಪೈಥಾನ್‌ನ ಪ್ಯಾಕೇಜ್ ಇನ್‌ಸ್ಟಾಲರ್) ಅನ್ನುವ ಬದಲು 'ಪೈಥಾನ್ -ಎಂ ಪಿಪ್' ಅನ್ನಿ, ಯಾವ ಪೈಥಾನ್‌ಗೆ ಹೋಯಿತು ಅನ್ನೋ ಗೊಂದಲವೇ ಇರಲ್ಲ.

ವಿಂಡೋಸ್‌ನಲ್ಲಿ ಪೈಎನ್ವ್ ನೇರವಾಗಿ ನಡೆಯುವುದಿಲ್ಲ. ಅಲ್ಲಿ ಪೈಥಾನ್ ಸೈಟಿನಿಂದ ಬೇಕಾದ ವರ್ಷನ್‌ಗಳನ್ನೆಲ್ಲ ಹಾಕಿಕೊಂಡು 'ಪೈ -3.12' (py -3.12) ಅಂತ ಕರೆದರೆ ಸಾಕು. ಕಂಪೈಲ್ ಕಾಟವೇ ಬೇಡ ಅನ್ನುವವರು ಯುವಿ (uv) ಅನ್ನೋ ಟೂಲ್ ನೋಡಿ, ಅದು ಸಿದ್ಧವಾಗಿರುವ ಪೈಥಾನ್ ಇಳಿಸಿಕೊಡುತ್ತದೆ. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಅದನ್ನೇ.

ಒಂದು ಮರೆತಿದ್ದೆ: ವೆನ್ವ್ ಮಾಡಿದ ಮೇಲೆ 'ಲೋಕಲ್' ಬದಲಿಸಿದರೆ ಹಳೇ ವೆನ್ವ್ ತಾನಾಗಿ ಹೊಸ ವರ್ಷನ್‌ಗೆ ಹೋಗುವುದಿಲ್ಲ. ಅದನ್ನು ಅಳಿಸಿ ಹೊಸದು ಮಾಡಿ, ಪ್ಯಾಕೇಜುಗಳನ್ನು ಮತ್ತೆ ಹಾಕಿ.